ಏಳು ನೀರಿನಲ್ಲಿ ತೊಳೆದ ಕೋಳಿ

ಆಗ ನನಗೆ ಅರವತ್ತೇಳು. ಇದು ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಬುದ್ಧಿ ಬಂದಿರಬೇಕಿತ್ತು, ಬಂದಿರಲಿಲ್ಲ. ನನ್ನ ನಾಲಿಗೆಯಿಂದ ಒಂದು ಕೋಳಿ ಅಂಗಡಿ ಮುಚ್ಚಿತು. ಅಂಗಡಿಯವರ ತಪ್ಪು ಏನೂ ಇರಲಿಲ್ಲ. ತಪ್ಪು ನನ್ನ ನಳದ ಕೆಳಗಿತ್ತು, ನನ್ನ ಈಳಿಗೆಯ ಮೇಲಿತ್ತು. ಅದು ನನಗೆ ಐದೇ ದಿನಕ್ಕೆ ಗೊತ್ತಾಯಿತು. ಬಾಯಿಬಿಟ್ಟು ಹೇಳಲು ಏಳು ತಿಂಗಳು ಹಿಡಿಯಿತು.

ನಾನು ಹುಟ್ಟಿದ್ದು ಬಾದನಹಟ್ಟಿಯಲ್ಲಿ. ನಮ್ಮವ್ವ ಕೋಳಿಯನ್ನು ಏಳು ನೀರಿನಲ್ಲಿ ತೊಳೆಯುತ್ತಿದ್ದಳು. ಮೊದಲ ನೀರು ರಕ್ತ ಹೋಗಲಿಕ್ಕೆ, ಎರಡನೆಯದಕ್ಕೆ ಉಪ್ಪು, ಮೂರನೆಯದಕ್ಕೆ ಅರಿಸಿನ. ಹೀಗೆ ಏಳನೆಯ ನೀರು ಕುಡಿಯುವ ನೀರಿನಂತೆ ತಿಳಿಯಾಗಿ ಬರಬೇಕು. ಏಳು ನೀರು ಕಾಣದ ಕೋಳಿಯನ್ನು ಒಲೆಗೆ ಇಡುವವಳು ಹೆಂಗಸೇ ಅಲ್ಲ ಎನ್ನುತ್ತಿದ್ದಳು. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ನಾನೂ ಹಾಗೇ ಮಾಡಿದೆ. ಅವ್ವ ತೊಳೆಯುತ್ತಿದ್ದದ್ದು ಊರ ಹೊರಗಿನ ಬಾವಿಕಟ್ಟೆಯಲ್ಲಿ. ಅಡುಗೆಮನೆಗೂ ಅದಕ್ಕೂ ಅರ್ಧ ಊರಿನಷ್ಟು ದೂರ. ಪಾರ್ವತಿನಗರದ ಹಿಂದಿನ ಓಣಿಯಲ್ಲಿ ನಮ್ಮದು ಚಿಕ್ಕ ಮನೆ. ಹಿತ್ತಲೆಂದರೆ ನಾಲ್ಕು ಹಾಸುಗಲ್ಲು, ಒಂದು ನಳ. ಪಾತ್ರೆ ತಿಕ್ಕುವುದು ಅಲ್ಲೇ, ಸೊಪ್ಪು ಸೋಸುವುದು ಅಲ್ಲೇ, ಕೋಳಿ ತೊಳೆಯುವುದೂ ಅಲ್ಲೇ. ಜಾಗ ಬದಲಾಗಿತ್ತು, ಪದ್ಧತಿ ಬದಲಾಗಲಿಲ್ಲ. ಅದನ್ನು ಯೋಚಿಸುವಷ್ಟು ತಲೆ ನನಗಿರಲಿಲ್ಲ.

ಓಣಿಯ ತುದಿಯಲ್ಲಿ, ಗಾಂಧಿನಗರದ ಕಡೆಗೆ ತಿರುಗುವಲ್ಲಿ, ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ಕೋಳಿ ಅಂಗಡಿ ಇತ್ತು. ಗಂಡ ಕೊಯ್ಯುವವನು, ಮಾತು ಕಡಿಮೆ. ಹೆಂಡತಿ ತೂಗಿ ಕೊಡುವವಳು. ಓಣಿಯವರೆಲ್ಲ ಅವಳನ್ನು ಬೂಬಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಲ್ಲಿ ನನಗೆ ಸರಿಸಮ. ಹನ್ನೆರಡು ವರ್ಷ ಅವಳ ಹತ್ತಿರವೇ ಕೋಳಿ ಒಯ್ದೆ. ಒಂದು ಭಾನುವಾರವೂ ಜಗಳವಿಲ್ಲದೆ ಒಯ್ಯಲಿಲ್ಲ.

"ಏನ ಬೂಬಮ್ಮಾ, ಇದು ಕೋಳೀನೋ ಗುಬ್ಬೀನೋ?" ಎನ್ನುತ್ತಿದ್ದೆ.

"ಕೋಳೀನ ಐತಿ ಯಕ್ಕಾ. ನೀ ಏಳು ಸಲ ತೊಳಿಯೂದ್ರಾಗ ಗುಬ್ಬಿ ಆಕೈತಿ ನೋಡು."

"ತೊಳೀಲಾರದ ತಿನ್ನಾಕ ನಾನೇನು ಬೆಕ್ಕೇನು?"

"ಬೆಕ್ಕರ ಸುಮ್ನ ತಿಂದು ಹೊಕ್ಕೈತಿ. ನಿನ್ನಂಗ ಅರ್ಧ ತಾಸು ತಲಿ ತಿನ್ನಂಗಿಲ್ಲ."

ಗಂಡ ತಲೆ ತಗ್ಗಿಸಿಕೊಂಡೇ ನಗುತ್ತಿದ್ದ. ನನಗೆ ಜ್ವರ ಬಂದ ವಾರ ಅವಳೇ ಮನೆಗೆ ಬಂದು, ಬಾಗಿಲಲ್ಲಿ ನಿಂತು, "ಏನ ಯಕ್ಕಾ, ಈ ವಾರ ಬೈಗುಳ ಇಲ್ಲಾರದ ಕೋಳಿಗೂ ಬ್ಯಾಸರಾಗೈತಿ" ಎಂದು ಹೇಳಿ ಹೋದವಳು. ಇಷ್ಟು ಹೇಳಿದರೆ ಸಾಕು. ನಾನು ಯಾರಿಗೆ ಏನು ಮಾಡಿದೆ ಎಂಬುದು ತಿಳಿಯಬೇಕಲ್ಲ, ಅದಕ್ಕೆ ಹೇಳಿದೆ.

ಆ ಬೇಸಿಗೆಯಲ್ಲಿ ನನ್ನ ಮೊಮ್ಮಗಳಿಗೆ ಸಿರುಗುಪ್ಪದ ವರ ಗೊತ್ತಾಯಿತು. ಮನೆತನ ದೊಡ್ಡದು, ಮಾತೂ ದೊಡ್ಡದು. ಬೀಗರು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬರುವುದು ಒಂದು ಭಾನುವಾರ ಎಂದಾಯಿತು. ಮೊದಲ ಊಟದಲ್ಲಿ ಹೆಸರು ಕೆಟ್ಟರೆ ಆಮೇಲೆ ಬಂಗಾರ ಬಡಿಸಿದರೂ ಅಷ್ಟೇ. ಹಿಂದಿನ ದಿನ ಬೀಗತಿ, ಅಂದರೆ ಹುಡುಗನ ತಾಯಿ, ಫೋನು ಮಾಡಿದಳು.

"ನಮ್ಮ ದೊಡ್ಡ ನಾದಿನಿ ಬರ್ತಾರ್ರಿ. ಕಾಶ್ಯಾಗ ಮಾಂಸ ಬಿಟ್ಟು ಬಂದಾರ. ಸೌಟು, ಗಡಗಿ ಎಲ್ಲಾ ಬ್ಯಾರೆ ಇರ್ಲಿ."

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಗಂಗೆಯಲ್ಲಿ ಬಿಟ್ಟು ಬರುತ್ತಾರೆ, ಸಾಯುವ ತನಕ ಮತ್ತೆ ಮುಟ್ಟುವುದಿಲ್ಲ. ಹುಡುಗನ ಈ ಸೋದರತ್ತೆ ಗಂಡ ತೀರಿದ ಮೇಲೆ ಹೋಗಿ ಮಾಂಸ ಬಿಟ್ಟು ಬಂದಿದ್ದಳಂತೆ. "ನಮ್ಮ ಮನ್ಯಾಗ ಏನೂ ಕೂಡಂಗಿಲ್ರಿ ಬೀಗತಿ, ನೀವು ಚಿಂತಿ ಬಿಡ್ರಿ" ಎಂದೆ. ಹೊಸ ಸೌಟು ತಂದೆ. ಹೊಸ ಬೋಗುಣಿ ತಂದೆ. ಕೋಳಿ ಹಿತ್ತಲಲ್ಲಿ ಕಟ್ಟಿಗೆ ಒಲೆಯ ಮೇಲೆ, ಆಕೆಯ ಹೆಸರುಕಾಳು ಪಲ್ಯ, ಎಣ್ಣೆಗಾಯಿ ಒಳಗೆ ಗ್ಯಾಸಿನ ಮೇಲೆ ಎಂದು ನಿಶ್ಚಯ ಮಾಡಿದೆ. ಇಷ್ಟು ನೇಮ ಯಾರು ಮಾಡುತ್ತಾರೆ ಎಂದು ನನಗೆ ನಾನೇ ಬೀಗಿದೆ.

ಭಾನುವಾರ ಬೆಳಗ್ಗೆ ಬೂಬಮ್ಮನ ಅಂಗಡಿಯಲ್ಲಿ ನಿಂತು ಹತ್ತು ಕೋಳಿ ಕೊಯ್ಯಿಸಿದೆ. ಅವಳ ಗಂಡ ನನ್ನ ಕಣ್ಣೆದುರೇ ಕೊಯ್ದ, ರೆಕ್ಕೆ ಬಡಿಯುವುದನ್ನು ನಾನು ನೋಡಿದೆ. ಮನೆಗೆ ತಂದು ನೋಡಿದರೆ ತುಂಡುಗಳು ದೊಡ್ಡವು. ಬೀಗರ ಎಲೆಗೆ ಸಣ್ಣ ತುಂಡು ಚೆಂದ. ಹಿತ್ತಲಲ್ಲಿ ಈಳಿಗೆ ಹಾಕಿಕೊಂಡು ಕೂತು ಎಲ್ಲವನ್ನೂ ಮತ್ತೆ ತುಂಡು ಮಾಡಿದೆ. ಆಮೇಲೆ ನಳ ಬಿಟ್ಟು ಏಳು ನೀರು. ನಳದ ನೀರು ಜೋರು, ಹಳೆಯ ಬೋಗುಣಿ ಅಗಲ. ಹಾಸುಗಲ್ಲು, ಗೋಡೆ, ನನ್ನ ಸೀರೆ ಎಲ್ಲ ತೋಯಿತು. ಪಕ್ಕದಲ್ಲೇ ಬುಟ್ಟಿಯಲ್ಲಿ ತೊಳೆದಿಟ್ಟ ಸವತೆಕಾಯಿ, ಸುಲಿದ ಉಳ್ಳಾಗಡ್ಡಿ, ಕೊತ್ತಂಬರಿ ಇದ್ದವು.

ಸೊಸೆ ರೊಟ್ಟಿ ಬಡಿಯುತ್ತಿದ್ದವಳು ಬಾಗಿಲಿಗೆ ಬಂದು ನೋಡಿದಳು. "ಅತ್ತಿ, ಆ ಬುಟ್ಟಿ ಒಳಗ ಒಯ್ಲೇನು? ಕೋಳಿ ನೀರು ಸಿಡಿಯಾಕತ್ತೈತಿ."

"ಸಿಡಿದ್ರ ಸಿಡೀಲಿ, ನೀರ ಐತಿ, ವಿಷ ಅಲ್ಲ. ನಿನ್ನ ರೊಟ್ಟಿ ಸೀದಾವು, ಹೋಗು."

ಹೋದಳು. ನಾನು ಈಳಿಗೆಯ ಮೇಲೆ ಒಂದು ಚೊಂಬು ನೀರು ಸುರಿದು, ಬಟ್ಟೆಯಿಂದ ಒರೆಸಿ, ಅದರಲ್ಲೇ ಸವತೆಕಾಯಿ ಹೆಚ್ಚಿದೆ, ಉಳ್ಳಾಗಡ್ಡಿ ಹೆಚ್ಚಿದೆ. ಮೊಸರು ಕಲಸಿ ದೊಡ್ಡ ಪಾತ್ರೆಯ ತುಂಬ ಮೊಸರುಬಜ್ಜಿ ಮಾಡಿ ಇಟ್ಟೆ. ಆಗ ಹತ್ತು ಗಂಟೆ. ಫ್ರಿಜ್ಜಿನಲ್ಲಿ ಬೀಗರಿಗೆಂದು ಮಗ ತಂದ ಕೂಲ್‌ಡ್ರಿಂಕ್ ಬಾಟಲಿಗಳು ತುಂಬಿದ್ದವು, ಬಜ್ಜಿಗೆ ಜಾಗವಿರಲಿಲ್ಲ. ತಟ್ಟೆ ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಊಟಕ್ಕೆ ಕೂತದ್ದು ಎರಡು ಗಂಟೆಗೆ. ಬಳ್ಳಾರಿಯ ಬೇಸಿಗೆಯಲ್ಲಿ ಹತ್ತರಿಂದ ಎರಡು ಎಂದರೆ ಏನು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಊಟ ಚೆನ್ನಾಯಿತು. ಕೋಳಿ ಸಾರನ್ನು ಹೊಗಳದವರಿಲ್ಲ. ಬೀಗತಿ ಬೆರಳು ನೆಕ್ಕುತ್ತ, "ನಿಮ್ಮ ಮೊಮ್ಮಗಳ ಕೈಯಾಗ ಇದರ ಅರ್ಧ ರುಚಿ ಬಂದ್ರ ಸಾಕ್ರಿ ನಮಗ" ಎಂದಳು. ಸೋದರತ್ತೆಗೆ ನಾನೇ ಹೊಸ ಸೌಟಿನಲ್ಲಿ ಬಡಿಸಿದೆ. ಆಕೆ ಪಲ್ಯ ಕಡಿಮೆ ತಿಂದಳು. ಸೆಕೆಗೆ ತಂಪು ಎಂದು ಮೊಸರುಬಜ್ಜಿಯನ್ನು ಮೂರು ಸಲ ಹಾಕಿಸಿಕೊಂಡಳು. ನಾನು ಮೊಸರು ಮುಟ್ಟುವುದಿಲ್ಲ, ಕೆಮ್ಮು ಬರುತ್ತದೆ. ಕೊನೆಗೆ ಕೂತು ಎರಡು ಬಟ್ಟಲು ಕೋಳಿ ತಿಂದೆ. ನನಗೆ ಏನೂ ಆಗಲಿಲ್ಲ. ಆ ಒಂದು ಮಾತನ್ನು ನಾನು ಅಂದೇ ಯೋಚಿಸಿದ್ದರೆ ಇದನ್ನೆಲ್ಲ ಬರೆಯುವ ಪಾಡು ಬರುತ್ತಿರಲಿಲ್ಲ.

ಸೋಮವಾರ ಸಂಜೆಗೆ ಸೊಸೆಗೆ ಹೊಟ್ಟೆ ನುಲಿತ, ಮೊಮ್ಮಗಳಿಗೆ ವಾಂತಿ, ಜ್ವರ. ಮಂಗಳವಾರ ಬೆಳಗ್ಗೆ ಸಿರುಗುಪ್ಪದಿಂದ ಫೋನು ಬಂತು. ಬಂದವರಲ್ಲಿ ಅರ್ಧಕ್ಕರ್ಧ ಮಂದಿ ಮಲಗಿದ್ದರು. ಬೀಗತಿಯ ದನಿ ಬತ್ತಿತ್ತು, ಮೊನೆ ಮಾತ್ರ ಹೋಗಿರಲಿಲ್ಲ.

"ಏನ್ರಿ ತಿನ್ನಿಸಿ ಕಳಿಸಿದ್ರಿ? ಹುಡುಗಿ ಕೊಡಾಕ ಮನಸಿಲ್ಲಾಂದ್ರ ಬಾಯಿಲೆ ಹೇಳಬೇಕಿತ್ತು, ಹಿಂಗ ಹೊಟ್ಟಿಲೆ ಹೇಳ್ತಾರೇನು? ನಮ್ಮ ನಾದಿನೀನ ದವಾಖಾನಿಗಿ ಹಾಕೀವಿ. ಎದ್ದು ಕುಂದ್ರಾಕ ಆಗವಲ್ದು ಅವರಿಗಿ."

ನನ್ನ ಬಾಯಿಂದ ತಟ್ಟನೆ ಬಂದದ್ದು ಇದು: "ನಮ್ಮ ಅಡಿಗಿ ಅಲ್ರಿ ಬೀಗತಿ. ಕೋಳಿ. ಆ ಅಂಗಡ್ಯಾಕಿ ಸತ್ತ ಕೋಳಿ ಕೊಟ್ಟಾಳ."

ಯಾರೂ ಹೇಳಿಕೊಟ್ಟಿರಲಿಲ್ಲ. ಯೋಚನೆಯನ್ನೂ ಮಾಡಿರಲಿಲ್ಲ. ನನ್ನ ಮನೆಯ ಹೆಸರು ಹೋಗುವ ಹೊತ್ತಿಗೆ ಕೈಗೆ ಸಿಕ್ಕಿದ್ದು ಬೂಬಮ್ಮನ ಹೆಸರು, ಎತ್ತಿ ಮುಂದಿಟ್ಟೆ. ಒಮ್ಮೆ ಹೇಳಿದ ಮೇಲೆ ಅದನ್ನು ನಿಜ ಮಾಡಬೇಕಲ್ಲ. ಫೋನು ಇಟ್ಟವಳೇ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದೆ.

ಅಂಗಡಿಯ ಮುಂದೆ ಐದಾರು ಜನ ನಿಂತಿದ್ದರು. ನಾನು ಬೀದಿಯಲ್ಲಿ ನಿಂತೇ ಶುರು ಮಾಡಿದೆ. "ಸತ್ತ ಕೋಳಿ ಮಾರ್ತೀಯೇನಲೇ? ನನ್ನ ಮನಿ ಬೀಗರು ದವಾಖಾನ್ಯಾಗ ಬಿದ್ದಾರ. ಹನ್ನೆರಡು ವರ್ಷ ನಂಬಿದ್ದಕ್ಕ ಇದೇನು ನೀ ಮಾಡಿದ್ದು?"

ಬೂಬಮ್ಮ ಮೊದಲು ನಕ್ಕಳು. ದಿನದ ಜಗಳವೇ ಎಂದುಕೊಂಡಳು. ಆಮೇಲೆ ನನ್ನ ಮುಖ ನೋಡಿ ನಗು ಬಿಟ್ಟಳು. "ಯಕ್ಕಾ, ತೋಬಾ, ಏನ ಮಾತು ಇದು? ನಿನ್ನ ಕಣ್ಣ ಮುಂದ ಕೊಯ್ದು ಕೊಟ್ಟಾರ. ರೆಕ್ಕಿ ಬಡಿಯೂದು ನೀನ ನೋಡೀದಿ."

"ನಾ ನೋಡಿಲ್ಲ" ಎಂದೆ.

ನೋಡಿದ್ದೆ. ಅಷ್ಟು ಜನರ ನಡುವೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿಲ್ಲ ಎಂದೆ. ಉಳಿದದ್ದನ್ನೆಲ್ಲ ತಿಳಿಯದೆ ಮಾಡಿದೆ ಎನ್ನಬಹುದು. ಇದನ್ನು ತಿಳಿದೇ ಮಾಡಿದೆ.

"ಭಾನುವಾರ ನನ್ನ ಹತ್ರ ಒಯ್ದೋರು ನೀ ಒಬ್ಬಾಕೀನ ಅಲ್ಲ ಯಕ್ಕಾ. ಕೇಳು ಬಾ ಎಲ್ಲಾರ್ನೂ, ನಾನೂ ಬರ್ತೀನಿ ನಿನ್ನ ಕೂಡ" ಎಂದಳು. ನಾನು ಕೇಳಲಿಲ್ಲ, ಅವಳಿಗೆ ಮಾತಾಡಲೂ ಬಿಡಲಿಲ್ಲ. ಜನ ಸೇರಿದರು. ಟೀ ಅಂಗಡಿಯಿಂದ ಬಂದರು, ಹಾಲಿನ ಬೂತಿನಿಂದ ಬಂದರು. ನಾನು ಅವರ ಜಾತಿ ಎತ್ತಿ ಬೈಯಲಿಲ್ಲ. ಆದರೆ ನಾನು ಹಚ್ಚಿದ ಬೆಂಕಿಗೆ ಬೇರೆಯವರು ತಮ್ಮ ತಮ್ಮ ಕಟ್ಟಿಗೆ ತಂದು ಹಾಕಿದರು, ಅದನ್ನೂ ಎತ್ತಿದರು. ನಾನು ಬೇಡ ಎನ್ನಲಿಲ್ಲ. ಬೂಬಮ್ಮನ ಗಂಡ ಕತ್ತಿ ಕೆಳಗಿಟ್ಟು, ಕೈ ತೊಳೆದುಕೊಂಡು, ಗೋಡೆಗೆ ಒರಗಿ ನಿಂತ.

ಗುರುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಎಳನೀರು, ಒಂದು ಬ್ರೆಡ್ಡು ಚೀಲದಲ್ಲಿತ್ತು. ಸೋದರತ್ತೆ ಹಾಸಿಗೆಯ ಮೇಲೆ ಒಣಗಿದ ಸವತೆಬಳ್ಳಿಯಂತೆ ಮಲಗಿದ್ದಳು. ಕೈಗೆ ಸೂಜಿ, ತಲೆಯ ಮೇಲೆ ಬಾಟಲಿ. ನೋಡಿಕೊಳ್ಳುತ್ತಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ನಮ್ಮ ಕಡೆಯ ಮಾತೇ ಆಡುತ್ತಿದ್ದಳು. ಅಡುಗೆ ಮಾಡಿದವಳು ನಾನೇ ಎಂದು ತಿಳಿದ ಕೂಡಲೇ ಹತ್ತಿರ ಬಂದಳು.

"ಅಮ್ಮಾ, ಇವರು ಕೋಳಿ ತಿಂದಿಲ್ಲ ಅಂತಾರ. ಮತ್ತ ಎಲ್ಲಾರಕಿಂತ ಇವರಿಗೇ ಹೆಚ್ಚಾಗೈತಿ. ಇವರು ಏನ ತಿಂದ್ರು?"

ನಾನು ಹೆಮ್ಮೆಯಿಂದಲೇ ಹೇಳಿದೆ. ಬೇರೆ ಸೌಟು, ಬೇರೆ ಬೋಗುಣಿ, ಬೇರೆ ಒಲೆ. ಪಲ್ಯ, ಎಣ್ಣೆಗಾಯಿ, ರೊಟ್ಟಿ, ಮೊಸರುಬಜ್ಜಿ. ಬಜ್ಜಿಯನ್ನು ಹತ್ತಕ್ಕೇ ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡಕ್ಕೆ ಬಡಿಸಿದೆ ಎಂದೂ ಹೇಳಿದೆ.

"ಬಜ್ಜಿಗಿ ಸವತಿಕಾಯಿ ಎದರಾಗ ಹೆಚ್ಚಿದ್ರಿ?"

"ಈಳಿಗ್ಯಾಗ."

"ಕೋಳಿ?"

ಆಗ ನನ್ನ ಬಾಯಿ ಸ್ವಲ್ಪ ನಿಧಾನವಾಯಿತು. "ಅದರಾಗ. ಆದ್ರ ತೊಳದೀನಿ ತಾಯಿ. ಕೋಳೀನೂ ನಳದ ಕೆಳಗ ಏಳು ನೀರಾಗ ತೊಳದೀನಿ."

"ಸವತಿಕಾಯಿ ಎಲ್ಲಿತ್ತು, ನೀವು ತೊಳಿಯೂವಾಗ?"

"ಬಾಜೂಕ."

ಅವಳು ಪೆನ್ನು ಜೇಬಿಗೆ ಹಾಕಿಕೊಂಡು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು. "ಹಸಿ ಕೋಳ್ಯಾಗ ಕಣ್ಣಿಗಿ ಕಾಣದ ಕ್ರಿಮಿ ಇರ್ತಾವಮ್ಮಾ. ಯಾರ ಅಂಗಡಿ ಕೋಳ್ಯಾಗರ ಇರಬಹುದು, ಆಗ ಕೊಯ್ದದ್ರಾಗೂ ಇರಬಹುದು. ವಾಸ್ನಿ ಬರಂಗಿಲ್ಲ, ಬಣ್ಣ ಕೆಡಂಗಿಲ್ಲ. ಕುದಿಸಿದ್ರ ಸಾಯ್ತಾವ. ತೊಳದ್ರ ಸಾಯಂಗಿಲ್ಲ, ನೀರಿನ ಕೂಡ ಸಿಡದು ಬಾಜೂಕ ಹೋಗಿ ಕುಂದರ್ತಾವ. ನಿಮ್ಮ ಕೋಳಿ ಬೆಂತು. ಸವತಿಕಾಯಿ ಬೆಂತೇನು?"

"ಏಳು ನೀರು..." ಎಂದೆ ಮತ್ತೆ.

"ಏಳು ಸಲ ಸಿಡಿಸೀರಿ" ಎಂದಳು. ಬೈಯುವಂತೆ ಹೇಳಲಿಲ್ಲ. "ಆಮ್ಯಾಲ ಮೊಸರು ಬಿಸಲಾಗ ನಾಕು ತಾಸು. ಒಂದಿದ್ದದ್ದು ಸಾವಿರ ಆದ್ವು. ಇನ್ನ ಮ್ಯಾಲ ಕೋಳಿ ತೊಳೀಬ್ಯಾಡ್ರಿ, ಸೀದಾ ಗಡಗಿಗಿ ಹಾಕ್ರಿ. ಅದಕ್ಕ ಈಳಿಗಿ ಬ್ಯಾರೆ ಇಡ್ರಿ. ಕೈಗಿ ಸಬಕಾರ ಹಚ್ಚಿ ತೊಳಕೊಳ್ರಿ. ಇಷ್ಟ."

ಇಷ್ಟೇ ಎಂದು ಹೇಳಿ ಅವಳು ಬೇರೆ ಹಾಸಿಗೆಗೆ ಹೋದಳು. ನಾನು ಕೂತೇ ಇದ್ದೆ. ಸೌಟು ಬೇರೆ ಮಾಡಿದ್ದೆ, ಈಳಿಗೆ ಬೇರೆ ಮಾಡಲಿಲ್ಲ. ಕಣ್ಣಿಗೆ ಕಾಣುವ ಮೈಲಿಗೆಗೆ ಅಷ್ಟೆಲ್ಲ ನೇಮ ಮಾಡಿದವಳು ಕಾಣದ್ದನ್ನು ಆಕೆಯ ಎಲೆಗೆ ಮೂರು ಸಲ ಬಡಿಸಿದ್ದೆ. ಗಂಗೆಯಲ್ಲಿ ಮಾಂಸ ಬಿಟ್ಟು ಬಂದವಳಿಗೆ ಹಸಿ ಕೋಳಿಯ ನೀರು ಕುಡಿಸಿದ್ದೆ.

ಆಕೆ ಕಣ್ಣು ಬಿಟ್ಟು ನನ್ನ ಕೈ ಹಿಡಿದಳು. ಕೈ ಬೆಂಕಿಯಂತೆ ಸುಡುತ್ತಿತ್ತು. "ಬೀಗತಿ, ನನಗ್ಯಾಕ ಬಂತ್ರಿ ಇದು? ನಾ ಕೋಳಿ ಮುಟ್ಟಿಲ್ಲ. ದೇವರಿಗಿ ಏನ ತಪ್ಪಿ ನಡದೆ ನಾನು?"

"ಬಿಸಲಿಗಿ ಆಗಿರಬೇಕ್ರಿ" ಎಂದೆ.

ಅಷ್ಟರಲ್ಲಿ ಹುಡುಗನ ತಾಯಿ ಗಂಜಿಯ ಡಬ್ಬಿ ಹಿಡಿದು ಬಂದಳು. ನನ್ನನ್ನು ನೋಡಿ ಮುಖ ಸಡಿಲ ಮಾಡಿದಳು. "ಆ ಕೋಳಿ ಅಂಗಡ್ಯಾಕಿ ಮಾನ ಬೀದ್ಯಾಗ ನಿಂತು ಇಳಿಸಿದ್ರಂತ? ನಿಮ್ಮ ಮಗ ಹೇಳಿದ. ಹಂಗ ಮಾಡಬೇಕ್ರಿ ಅಂಥಾವರಿಗಿ."

"ಹ್ಞೂಂರಿ" ಎಂದೆ.

ಆ ಹ್ಞೂಂ ನನ್ನನ್ನು ಏಳು ತಿಂಗಳು ಕಟ್ಟಿಹಾಕಿತು. ಅಲ್ಲೇ ಅಲ್ಲ ಎಂದಿದ್ದರೆ ಒಂದು ದಿನದ ನಾಚಿಕೆ. ಮನೆಗೆ ಬಂದಾಗ ಸೊಸೆ ಕೇಳಿದಳು, ಡಾಕ್ಟರು ಏನಂದರು ಎಂದು. ಬಿಸಿಲಿನ ಹೊಡೆತವಂತೆ ಎಂದೆ. ಸೊಸೆ ನನ್ನ ಮುಖ ನೋಡಿದಳು. ಎರಡು ದಿನಕ್ಕೆ ಎದ್ದು ಓಡಾಡುವಂತಾದ ಮೇಲೆ ಪೇಟೆಗೆ ಹೋಗಿ ಹೊಸ ಈಳಿಗೆ ತಂದು ಒಳಗಿನ ಕಟ್ಟೆಯ ಮೇಲಿಟ್ಟಳು. "ಇದು ಕಾಯಿಪಲ್ಲೆಕ್ಕ" ಎಂದಳು, ಅಷ್ಟೇ. ಅವಳಿಗೆ ಗೊತ್ತಾಗಿತ್ತು. ನನಗಿಂತ ಮೊದಲೇ, ಆ ಬುಟ್ಟಿ ನೋಡಿದ ದಿನವೇ, ಅರ್ಧ ಗೊತ್ತಿತ್ತು.

ಬೂಬಮ್ಮನ ಅಂಗಡಿಗೆ ಜನ ಕಡಿಮೆಯಾದರು. ಸತ್ತ ಕೋಳಿ ಎಂಬ ಮಾತು ಗಾಂಧಿನಗರದ ತನಕ ಹೋಯಿತು. ಹೋಗುತ್ತ ಹೋಗುತ್ತ ರೋಗದ ಕೋಳಿ ಆಯಿತು, ಆಮೇಲೆ ಬೇಕೆಂದೇ ಮಾರುತ್ತಾರೆ ಎಂದಾಯಿತು. ಪಾಲಿಕೆ ಕಚೇರಿಯವರು ಬಂದು ಅಂಗಡಿ ನೋಡಿದರಂತೆ, ತಪ್ಪು ಏನೂ ಸಿಗಲಿಲ್ಲವಂತೆ. ಸಿಗಲಿಲ್ಲ ಎನ್ನುವ ಮಾತು ಮಾತ್ರ ಟೀ ಅಂಗಡಿ ದಾಟಲಿಲ್ಲ. ನಾನು ಆ ಕಡೆ ಹೋಗುವುದನ್ನು ಬಿಟ್ಟೆ. ಹಾಲಿಗೆ ಹಿಂದಿನ ಸಂದಿಯಿಂದ ಸುತ್ತು ಹಾಕಿ ಹೋಗುತ್ತಿದ್ದೆ. ಶ್ರಾವಣದಲ್ಲಿ ಹೇಗೂ ಕೋಳಿ ವ್ಯಾಪಾರ ಕಡಿಮೆ. ಶ್ರಾವಣ ಮುಗಿದ ಮೇಲೂ ಆ ಶೆಟರು ಮೇಲೇಳಲಿಲ್ಲ. ಗಂಡ ಹೆಂಡತಿ ಎಲ್ಲಿಗೋ ಹೋದರು ಎಂದು ಮಗ ಹೇಳಿದ. "ಹೋಗ್ಲಿ ಬಿಡು" ಎಂದೆ.

ಮದುವೆ ಮುಗಿಯಲಿ, ಹೇಳುತ್ತೇನೆ ಎಂದುಕೊಂಡಿದ್ದೆ. ದೀಪಾವಳಿ ದಾಟಿ ಮದುವೆಯಾಯಿತು. ಸೋದರತ್ತೆ ಬಂದಿದ್ದಳು. ಆ ಜ್ವರದ ಮೇಲೆ ಮೊಣಕಾಲು ಹಿಡಿದು, ಮಂಟಪ ಹತ್ತಲಾಗದೆ ಕೆಳಗೆ ಕುರ್ಚಿಯಲ್ಲಿ ಕೂತೇ ಅಕ್ಷತೆ ಹಾಕಿದಳು. ಮದುವೆ ಮುಗಿದ ಮೇಲೆ ಬೇರೆ ನೆವ ಹುಟ್ಟಿತು. ಈಗ ಹೇಳಿದರೆ ಮೊಮ್ಮಗಳಿಗೆ ಅತ್ತೆಮನೆಯಲ್ಲಿ ಮಾತು ಬರುತ್ತದೆ ಎಂದು. ನೆವಕ್ಕೆ ಬರಗಾಲವಿಲ್ಲ.

ಮೊಮ್ಮಗಳ ಮದುವೆಯಾಗಿ ತಿಂಗಳಿಗೆ ನಾನು ನನ್ನ ತವರಿಗೆ ಹೋಗಿದ್ದೆ. ಬಾದನಹಟ್ಟಿಯಿಂದ ವಾಪಸು ಬರುವಾಗ ಕುರುಗೋಡಿನಲ್ಲಿ ಬಸ್ಸು ಬದಲಿಸಲು ಇಳಿದೆ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ, ಗೋಡೆಯ ನೆರಳಿಗೆ, ಕುದಿಸಿದ ಶೇಂಗಾದ ಬುಟ್ಟಿ ಮುಂದಿಟ್ಟುಕೊಂಡು ಬೂಬಮ್ಮ ಕೂತಿದ್ದಳು. ನಾನು ತಟ್ಟನೆ ಮುಖ ತಿರುಗಿಸಿದೆ. ಅವಳು ಮೊದಲೇ ನೋಡಿದ್ದಳು.

"ಮಾರಿ ಯಾಕ ತಿರುವ್ತಿ ಯಕ್ಕಾ? ಬಾ, ಶೇಂಗಾ ತಗೋ. ಛಲೋತಂಗ ಕುದಿಸೀನಿ, ಹೆದರಬ್ಯಾಡ."

ಹೋದೆ. ನೆಲಕ್ಕೆ ಕೂತೆ. ಅವಳ ಕೈಬೆರಳು ಶೇಂಗಾದ ನೀರಿಗೆ ನೆನೆದು ಬಿಳಿಚಿದ್ದವು. ಗಂಡ ಅಲ್ಲೇ ಕುರುಗೋಡಿನಲ್ಲಿ ಬೇರೆಯವರ ಅಂಗಡಿಯಲ್ಲಿ ಕೂಲಿಗೆ ಕೋಳಿ ಕೊಯ್ಯುತ್ತಾನಂತೆ. ತಮ್ಮನ ಮನೆಯ ಒಂದು ಕೋಣೆಯಲ್ಲಿ ಇದ್ದಾರಂತೆ. ನಾನು ಕೇಳದೆಯೇ ಹೇಳಿದಳು, ಅಳದೆ, ಬೈಯದೆ, ಶೇಂಗಾ ತಿರುವುತ್ತ.

"ಬೂಬಮ್ಮಾ, ತಪ್ಪು ನಂದ ಐತಿ. ಕೋಳೀದಲ್ಲ. ನಾ ತೊಳದ ನೀರು ಬಜ್ಜಿಗಿ ಬಿದ್ದೈತಿ. ಡಾಕ್ಟ್ರು ಹೇಳಿದ್ರು."

"ಯಾವಾಗ ಹೇಳಿದ್ರು?"

ಸುಳ್ಳು ಹೇಳಬಹುದಿತ್ತು. "ಆ ಗುರುವಾರನ" ಎಂದೆ.

ಅವಳ ಕೈ ನಿಂತಿತು. ಬೆರಳು ಮಡಚಿ ತಿಂಗಳು ಎಣಿಸಿದಳು. ಏಳನೆಯ ಬೆರಳಿಗೆ ಬಂದು ನಿಲ್ಲಿಸಿದಳು. "ಆ ಭಾನುವಾರ ನನ್ನ ಹತ್ರ ಕೋಳಿ ಒಯ್ದೋರು ಮೂವತ್ತು ಮನಿ ಮ್ಯಾಲ. ಒಬ್ಬರಿಗೂ ಏನೂ ಆಗಲಿಲ್ಲ. ನನಗ ಅವತ್ತ ಗೊತ್ತಿತ್ತು ಯಕ್ಕಾ, ನಿನ್ನ ಮನ್ಯಾಗ ಏನೋ ಆಗೈತಂತ. ನನಗ ಗೊತ್ತಿದ್ದು ಏನ ಉಪಯೋಗ? ಹೇಳಬೇಕಾದಾಕಿ ನೀನು."

"ತಪ್ಪಾತು ಬೂಬಮ್ಮಾ. ಕೈ ಮುಗೀತೀನಿ."

"ಬ್ಯಾಡ, ಕೈ ಇಳಿಸು, ಮಂದಿ ನೋಡ್ತಾರ." ಶೇಂಗಾದ ಮೇಲೆ ಬಟ್ಟೆ ಎಳೆದು ಹೇಳಿದಳು. "ಬೈದದ್ದು ನಡು ಬೀದ್ಯಾಗ. ತಪ್ಪಾತು ಅನ್ನೂದು ಬಸ್‌ಸ್ಟ್ಯಾಂಡಿನ ಮೂಲ್ಯಾಗ. ಇದ್ಯಾವ ನ್ಯಾಯ ಯಕ್ಕಾ? ನನಗ ಹೇಳಿದ್ರ ಏನ ಬಂತು, ನಾ ಏನ ಸತ್ತ ಕೋಳಿ ಮಾರೀನಂತ ನಂಬೀನೇನು?"

"ನಾ ಹೇಳ್ತೀನಿ ಓಣ್ಯಾಗ. ನೀವು ತಿರುಗಿ ಬರ್ರಿ."

"ಬರಂಗಿಲ್ಲ. ನಮ್ಮ ಮನ್ಯಾವರು ಆ ಬೀದಿ ಹೆಸರು ತಗದ್ರ ಊಟ ಬಿಡ್ತಾರ. ಹೇಳೂದು ಬಿಡೂದು ನಿಂದು. ನಿನ್ನ ಬಸ್ ಬಂತು ನೋಡು, ಏಳು."

ಶೇಂಗಾ ಪೊಟ್ಟಣ ಕಟ್ಟಿ ನನ್ನ ಚೀಲಕ್ಕೆ ಹಾಕಿದಳು. ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಪೊಟ್ಟಣದ ಬಿಸಿ ತೊಡೆಗೆ ತಾಗುತ್ತಿತ್ತು. ತಿನ್ನಲು ಆಗಲಿಲ್ಲ.

ಮರುದಿನ ಬೆಳಗ್ಗೆ ಎದ್ದವಳೇ ಮಗನ ಮೊಬೈಲಿನಿಂದ ಸಿರುಗುಪ್ಪಕ್ಕೆ ಫೋನು ಹಚ್ಚಿಸಿದೆ. ಬೀಗತಿಗೆ ಎಲ್ಲ ಹೇಳಿದೆ. ಈಳಿಗೆ, ಬುಟ್ಟಿ, ಡಾಕ್ಟರು, ನನ್ನ ಹ್ಞೂಂ. ಆ ಕಡೆ ಪಕ್ಕದಲ್ಲೇ ಕೂತು ಕೇಳುತ್ತಿದ್ದ ಸೋದರತ್ತೆ ಫೋನು ಕಸಿದುಕೊಂಡಳು.

"ಹಂಗಾರ ಕಾಶ್ಯಾಗ ಬಿಟ್ಟದ್ದನ್ನ ನೀವು ಪಾರ್ವತಿನಗರದಾಗ ತಿನ್ನಿಸಿದ್ರಿ?"

"ಹೌದ್ರಿ."

"ಮತ್ತೊಮ್ಮೆ ಹೋಗಬೇಕಾತು ನಾನು, ಈ ಮೊಣಕಾಲು ತಗೊಂಡು. ನೀವೂ ಬರ್ರಿ. ಬಂದು ನಿಮ್ಮ ನಾಲಿಗಿ ಬಿಟ್ಟು ಬರ್ರಿ" ಎಂದು ಇಟ್ಟುಬಿಟ್ಟಳು.

ಮಗ ತಲೆ ಮೇಲೆ ಕೈ ಹೊತ್ತು ಕೂತ. ಸೊಸೆ ನನ್ನ ಚಪ್ಪಲಿ ತಂದು ಬಾಗಿಲಲ್ಲಿಟ್ಟಳು.

ಅಂಗಡಿಯ ಜಾಗಕ್ಕೆ ಹೋಗಿ ನಿಂತೆ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ನಾನು ದನಿ ಎತ್ತಿ ಹೇಳತೊಡಗಿದೆ. ಬೈದ ದಿನ ತಾವಾಗಿ ಓಡಿ ಬಂದಿದ್ದ ಜನ ಇಂದು ಬರಲಿಲ್ಲ. ಟೀ ಅಂಗಡಿಯವನು ಲೋಟ ತೊಳೆಯುತ್ತ, "ಮುಗದದ್ದು ಈಗ್ಯಾಕಬೇ ಅಜ್ಜಿ, ಚಾ ಕುಡಿ ಬಾ" ಎಂದ. ಕುಡಿಯಲಿಲ್ಲ. ಅವನ ಎದುರಿಗೇ ನಿಂತು ಪೂರ್ತಿ ಹೇಳಿ ಮುಗಿಸಿದೆ. ಆಮೇಲೆ ಹಾಲಿನ ಬೂತಿನವನಿಗೆ ಹೇಳಿದೆ. ಆಮೇಲೆ ಓಣಿಯ ಈ ತುದಿಯಿಂದ ಒಂದೊಂದೇ ಬಾಗಿಲು ಬಡಿದೆ. ಕೆಲವರು ಕೇಳಿದರು. ಒಬ್ಬಳು, "ನಮಗ ಅವಾಗ್ಲೇ ಅನಿಸಿತ್ತು ಬಿಡ್ರಿ" ಎಂದಳು. ಬೆಂಕಿಗೆ ಕಟ್ಟಿಗೆ ಹಾಕಿದವರಲ್ಲಿ ಅವಳೂ ಒಬ್ಬಳು. ಅದನ್ನು ಎತ್ತಿ ಆಡುವ ಮುಖ ನನಗಿರಲಿಲ್ಲ, ಮುಂದಿನ ಬಾಗಿಲಿಗೆ ಹೋದೆ.

ಬಿಸಿಲು ಏರುವ ಹೊತ್ತಿಗೆ ಕೊನೆಯ ಮನೆಗೆ ಬಂದೆ. ಹೊಸದಾಗಿ ಬಾಡಿಗೆಗೆ ಬಂದ ಹೆಣ್ಣುಮಗಳು, ಬಾಗಿಲು ಹಿಡಿದು ನಿಂತು ಕೇಳಿದಳು.

"ಬೂಬಮ್ಮ ಅಂದ್ರ ಯಾರ್ರಿ ಅಮ್ಮಾ? ನಮಗ ಗೊತ್ತಿಲ್ಲ."

ಅವಳ ಮೆಟ್ಟಿಲ ಮೇಲೆ ಕೂತು ಮೊದಲಿನಿಂದ ಹೇಳಿದೆ.